ಮಾತಿನ ಮಟ್ಟೆ

ಬಿಳಿಗೆರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಗೆ ಮಾತು ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಬಲಿತ ಕಾಯಿ ಮಟ್ಟೆಸಮೇತ ಅಟ್ಟ ಹತ್ತಿ, ಎಂಟು ಹತ್ತು ತಿಂಗಳು ಯಾರಿಗೂ ಏನೂ ಹೇಳದೆ ಕೂತಿರುತ್ತದೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾದ ಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಸಂವಹನವನ್ನೇ ವೃತ್ತಿ ಮಾಡಿಕೊಂಡವರಲ್ಲಿ ಈ ಕ್ರಮ ತಲೆಕೆಳಗು: ಮೊದಲು ಸದ್ದು, ಕೊಬ್ಬರಿಯ ವಿಚಾರ ಆಮೇಲೆ. ಪತ್ರಿಕೆ, ಜಾಹೀರಾತು, ಪಿ.ಆರ್. ಕಂಪನಿಗಳಲ್ಲಿ ಪಳಗಿದ ಇಂಥವರು ಭಾನುವಾರದ ಬಿಡುವಿನಲ್ಲಿ ಊರಿನ ವೃದ್ಧಾಶ್ರಮಕ್ಕೋ ಉಚಿತ ಹಾಸ್ಟೆಲಿಗೋ ಬಂದು, ನಮ್ಮ ಕಸುಬನ್ನು ಪುಕ್ಕಟೆ ಕೊಡುತ್ತೇವೆ ಎಂದರೆ ಕೂರಿಸಿ ಕಾಫಿ ಕೊಡಬೇಕೋ, ಬಾಗಿಲು ಹಾಕಿಕೊಳ್ಳಬೇಕೋ? ಕಾಫಿಯನ್ನೇ ಕೊಡಬೇಕು ಎಂಬುದು ನನ್ನ ವಾದ. ಆದರೆ ಕೈಗೆ ಮೈಕು ಕೊಡಬಾರದು. ಮಟ್ಟೆ ಸುಲಿಯುವ ಹಾರೆ ಕೊಡಬೇಕು.

ಸುಲಿಯುವುದಕ್ಕೆ ಮಟ್ಟೆ ಎಲ್ಲಿದೆ ಎನ್ನುವವರು ಯಾವುದಾದರೂ ಉಚಿತ ನೇತ್ರ ತಪಾಸಣಾ ಶಿಬಿರದ ಕರಪತ್ರವನ್ನು ಕೈಗೆತ್ತಿಕೊಳ್ಳಲಿ. ತಲೆಯ ಮೇಲೆ ದೇವರು. ಅದರ ಕೆಳಗೆ ದಿವ್ಯ ಸಾನ್ನಿಧ್ಯ, ಆಮೇಲೆ ಘನ ಅಧ್ಯಕ್ಷತೆ, ಆಮೇಲೆ ಉದ್ಘಾಟಕರು, ಆಮೇಲೆ ‘ಗೌರವ ಉಪಸ್ಥಿತಿ’ ಎಂಬ ಹೆಸರಿನಲ್ಲಿ ಅರ್ಧ ತಾಲ್ಲೂಕು. ‘ಸಮಾಜದ ಕಟ್ಟಕಡೆಯ ವ್ಯಕ್ತಿಯ ಸರ್ವಾಂಗೀಣ ಅಭ್ಯುದಯಕ್ಕಾಗಿ ಅವಿರತ ಶ್ರಮಿಸುತ್ತಿರುವ’ ಎಂದು ಹೊರಟ ವಾಕ್ಯ ಸುಧಾರಿಸಿಕೊಳ್ಳಲು ನಿಲ್ಲುವುದು ಪುಟದ ಬುಡದಲ್ಲಿ. ಶಿಬಿರ ಎಲ್ಲಿ, ಎಷ್ಟು ಗಂಟೆಗೆ, ಬರುವಾಗ ಏನು ತರಬೇಕು ಎಂಬುದು ಎಲ್ಲಕ್ಕಿಂತ ಕೆಳಗೆ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ. ಅದನ್ನು ಓದಬೇಕಾದವರು ಯಾರು? ಕಣ್ಣಿಗೆ ಪೊರೆ ಬಂದವರು. ಓದಬಲ್ಲವರಿಗೆ ಶಿಬಿರ ಬೇಕಿಲ್ಲ, ಶಿಬಿರ ಬೇಕಾದವರಿಗೆ ಓದಲಾಗದು. ಇದು ಊರಿನ ಮಟ್ಟೆಯಾಯಿತು. ನಗರದಿಂದ ಬಂದ ಸ್ವಯಂಸೇವಕರು ಎಚ್ಚರ ತಪ್ಪಿದರೆ ಇದರ ಮೇಲೆ ತಮ್ಮದೊಂದು ಪದರ ಹೊದಿಸುತ್ತಾರೆ: ಸಬಲೀಕರಣ, ಸುಸ್ಥಿರತೆ, ಇಂಪ್ಯಾಕ್ಟ್, ಸ್ಟೇಕ್‌ಹೋಲ್ಡರ್. ಸ್ಟೇಕ್‌ಹೋಲ್ಡರ್ ಎಂದರೆ ಯಾರು ಎಂದು ಹುಡುಕಿಕೊಂಡು ಹೋದರೆ ಸಿಗುವುದು ವೃದ್ಧಾಶ್ರಮದಲ್ಲಿ ಮುದ್ದೆಗೆ ಕಾದು ಕೂತ ಅಜ್ಜಿ.

ಹಾರೆ ಹಿಡಿದವರೂ ನಮ್ಮಲ್ಲಿ ಇದ್ದಾರೆ. ಅಡಿಕೆ ಬೆಳೆಗಾರರ ಸಂಘದವರು 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಡಿಸಿದರು. ಅದನ್ನು ಕಟ್ಟಿದ ಶ್ರೀಪಡ್ರೆ ಕಾಸರಗೋಡಿನ ವಾಣಿನಗರದವರು, ತಾವೂ ಕೃಷಿಕರು. ‘ಕೃಷಿಕರ ಕೈಗೆ ಲೇಖನಿ’ ಎಂದು ಹೊರಟ ಈ ಪತ್ರಿಕೆ, ಬರೆಯುವವರು ಬೆಳೆಯುವವರ ಬಗ್ಗೆ ಬರೆಯುವ ಬದಲು ಬೆಳೆಯುವವರೇ ಬರೆಯಲಿ ಎಂದಿತು. ಅದಕ್ಕಾಗಿ ಶಿಬಿರ ನಡೆಸಿತು, ತಿದ್ದಿತು, ಉದ್ದುದ್ದ ವಿಶೇಷಣಗಳನ್ನು ಕಿತ್ತುಹಾಕಿತು. ಕೋಲಾರ ಜಿಲ್ಲೆಯ ಬೂದಿಕೋಟೆಯದು ಇನ್ನೊಂದು ಕತೆ. ಬೆಂಗಳೂರಿನ ‘ವಾಯ್ಸಸ್’ ಎಂಬ ಸಂವಹನ ಸಂಸ್ಥೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ, 2000ದ ದಶಕದ ಆರಂಭದಲ್ಲಿ ಅಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋ ಶುರುಮಾಡಿತು. ಆಗ ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೋ ಪರವಾನಗಿ ಕೊಡುವ ನೀತಿಯೇ ಇರಲಿಲ್ಲ. ಅದು ಬಂದದ್ದು 2006ರಲ್ಲಿ. ಗಾಳಿಯಲ್ಲಿ ಹೋಗಬೇಡಿ ಎಂದರೆ ತಂತಿಯಲ್ಲಿ ಹೋಗುತ್ತೇವೆ ಎಂದು ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ತಾವೇ ಧ್ವನಿಮುದ್ರಿಸಲು ಕಲಿತರು. ಎರಡೂ ಕಡೆ ತಜ್ಞರು ಕೊಟ್ಟದ್ದು ತಮ್ಮ ಮಾತನ್ನಲ್ಲ, ಮಾತಾಡುವ ಸಲಕರಣೆಯನ್ನು.

ಇಷ್ಟು ಹೇಳುವಷ್ಟರಲ್ಲಿ ಹಿರಿಯರೊಬ್ಬರು ಕೇಳದೇ ಬಿಡರು: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಸಿದ್ಧಗಂಗಾ ಮಠದ ದಾಸೋಹಕ್ಕೆ ಯಾವ ಪಿ.ಆರ್. ಕಂಪನಿ ಇತ್ತು? ಸರಿಯಾದ ಪ್ರಶ್ನೆಯೇ. ಆದರೆ 1941ರಿಂದ ಮಠದ ಹೊಣೆ ಹೊತ್ತು, 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ದಶಕಗಟ್ಟಲೆ ಊರೂರು ತಿರುಗಿದ್ದೇ ಒಂದು ಸಂವಹನವಾಗಿತ್ತು. ಆ ನಂಬಿಕೆ ಅಟ್ಟದ ಮೇಲೆ ಮುಕ್ಕಾಲು ಶತಮಾನ ಒಣಗಿದ ಕೊಬ್ಬರಿ. ಮೊನ್ನೆ ಮೊನ್ನೆ ಬಾಗಿಲು ತೆರೆದ ಅನಾಥಾಲಯ ಅಷ್ಟು ದಿನ ಕಾದರೆ ಮಕ್ಕಳು ಮೊಮ್ಮಕ್ಕಳನ್ನು ಕಂಡಿರುತ್ತಾರೆ. ಎಡಗೈಗೆ ತಿಳಿಯಬಾರದ್ದು ಕೊಟ್ಟವರ ಹೆಸರು. ತೆಗೆದುಕೊಂಡವರ ಲೆಕ್ಕ ಎರಡೂ ಕೈಗೆ ತಿಳಿಯಬೇಕು. ಸುಮ್ಮನಿರುವುದೇ ಸಾತ್ವಿಕ ಎನ್ನುವವರು ಕಾಸರಗೋಡಿನ ಕಡೆಗೂ ನೋಡಲಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳಲ್ಲಿ ಅಲ್ಲಿನ ಜನ ಏನು ಅನುಭವಿಸುತ್ತಿದ್ದಾರೆಂದು ಊರಿನ ವೈದ್ಯರೊಬ್ಬರು ಗಮನಿಸಿದರು, ಇದೇ ಶ್ರೀಪಡ್ರೆ ಮತ್ತು ಇತರರು ಬರೆದರು. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿದ್ದು 2011ರಲ್ಲಿ. ಬರೆಯದಿದ್ದರೆ ಅದು ಆ ಊರಿನ ಹಣೆಬರಹವೆಂದೇ ಉಳಿಯುತ್ತಿತ್ತು.

ಇನ್ನೊಂದು ತಕರಾರು ಹೆಚ್ಚು ಬಿಗಿ. ಪುಕ್ಕಟೆ ಕೆಲಸ ಮಾಡುವವರು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬಂದು, ಮಕ್ಕಳ ನಡುವೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಇತ್ತ ಬಸ್ ಸ್ಟ್ಯಾಂಡಿನ ಎದುರಿನ ಡಿ.ಟಿ.ಪಿ. ಅಂಗಡಿಯವನ ಕೆಲಸವೂ ಹೋಗುತ್ತದೆ. ಎರಡೂ ನಿಜ. ಒಂದು ಕೌಟು ಕಾಯಿ ಮೂಟೆಯನ್ನೆಲ್ಲ ನಾರಿಸುವ ಹಾಗೆ, ಒಬ್ಬ ಫೋಟೋಪ್ರಿಯನಿಂದ ಹತ್ತು ಜನರ ಹೆಸರು ಕೆಡುತ್ತದೆ. ಆದ್ದರಿಂದ ಕರಾರು ಮೊದಲೇ ಆಗಲಿ. ಅಚ್ಚು ಹಾಕುವ ಕೆಲಸ ಊರಿನ ಅಂಗಡಿಗೇ ಹೋಗಲಿ, ಬಂದವರು ಒಕ್ಕಣೆ ತಿದ್ದಲಿ. ತಿದ್ದುವಾಗ ಪಕ್ಕದಲ್ಲಿ ರಸೀದಿ ಪುಸ್ತಕ ಬರೆಯುವ ಹುಡುಗಿಯನ್ನೋ ಲೆಕ್ಕದ ಮೇಷ್ಟರನ್ನೋ ಕೂರಿಸಿಕೊಳ್ಳಲಿ. ಮುಂದಿನ ವರ್ಷ ಅವರು ಬಾರದಿದ್ದರೂ ಕೆಲಸ ನಿಲ್ಲದಿದ್ದರೆ ಬಂದದ್ದು ಸಾರ್ಥಕ.

ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆನ್ನುವ 2013ರ ಕಾಯ್ದೆಯ ಬಗ್ಗೆ ಸರ್ಕಾರ ಕೊಟ್ಟ ವಿವರಣೆಯಲ್ಲಿ ಒಂದು ತಮಾಷೆಯಿದೆ: ನೌಕರರು ಪುಕ್ಕಟೆಯಾಗಿ ಕೊಟ್ಟ ಸೇವೆಗೆ ಬೆಲೆ ಕಟ್ಟಿ ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಂದರೆ ಭಾನುವಾರ ಬಂದು ಕರಪತ್ರ ತಿದ್ದಿದವರ ದುಡಿಮೆ ಸರ್ಕಾರದ ತಕ್ಕಡಿಯಲ್ಲಿ ಸೊನ್ನೆ. ಇದರಿಂದ ಬೇಸರ ಬೇಡ. ಹಾಗೆ ತೂಗಲು ಬಿಟ್ಟಿದ್ದರೆ ಸ್ಟೇಕ್‌ಹೋಲ್ಡರ್ ಎಂಬ ಪದವನ್ನೂ ಕ್ವಿಂಟಾಲ್ ಲೆಕ್ಕದಲ್ಲಿ ತೂಗುತ್ತಿದ್ದರು. ಬರಬೇಕೆನ್ನುವವರು ಬನ್ನಿ. ಮುಂದಿನ ಕಣ್ಣಿನ ಶಿಬಿರದ ಕರಪತ್ರ ಅಚ್ಚಿಗೆ ಹೋಗುವ ಮುಂಚೆ ಅದನ್ನು ಓದು ಬಲ್ಲ ಅಜ್ಜಿಯೊಬ್ಬರ ಕೈಗೆ ಕೊಡಿ. ಅವರು ಕನ್ನಡಕ ಕೇಳಿದರೆ, ಮತ್ತೆ ಬರೆಯಿರಿ.