ಹಳ್ಳಿಯೇ ಚೆಂದ ಎನ್ನುವವರ ಪಾದಾರವಿಂದಗಳಿಗೆ

ಬೆಂಗಳೂರಿನಲ್ಲಿ ನೆಲೆಸಿ ಹಳ್ಳಿಯನ್ನು ಎದೆಯಲ್ಲಿಟ್ಟುಕೊಂಡಿರುವ ನಮ್ಮ ಪ್ರೀತಿಯ ಬಂಧುಗಳಿಗೆ, ಸೋಗಾನೆಯಿಂದ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಹೋದ ಸಲ ತಾವು ಬಂದು ಎರಡು ರಾತ್ರಿ ತಂಗಿದ್ದು, ಹೊರಡುವಷ್ಟರಲ್ಲಿ ನಮ್ಮನ್ನು ಹನ್ನೊಂದು ಸಲ ‘ಪುಣ್ಯವಂತರು’ ಎಂದು ಕರೆದಿರಿ. ಆ ಪುಣ್ಯವನ್ನು ಒಬ್ಬನೇ ಹೊರಲಾರದೆ ಈ ಕಾಗದ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಳ್ಳಿಯವರು ಮುಗ್ಧರು ಎಂಬುದು ಹೇಗೂ ತಮ್ಮದೇ ತೀರ್ಪು.

ಮೊದಲು ತಮ್ಮ ಆಗಮನಕ್ಕೆ ವಂದನೆ. ಹಿಂದೆಲ್ಲ ರಾತ್ರಿ ಬಸ್ಸಿನಲ್ಲಿ ಕತ್ತು ಉಳುಕಿಸಿಕೊಂಡು ಬರುತ್ತಿದ್ದಿರಿ. 2023ರ ಫೆಬ್ರವರಿ 27ರಂದು ನಮ್ಮೂರ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಪ್ರಯಾಣಿಕರ ವಿಮಾನವೂ ಬಂದಿಳಿಯಿತು. ಈಗ ತಾವು ಆಕಾಶದಿಂದಲೇ ದಯಮಾಡಿಸುತ್ತೀರಿ. ತಾವರೆಯಾಕಾರದ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡು, ನಮ್ಮ ಜಗಲಿಗೆ ಬಂದು ಕಣ್ಣು ಮುಚ್ಚಿ, “ಆಹಾ, ಎಂಥ ನಿಶ್ಶಬ್ದ!” ಎಂದಿರಿ. ತಮ್ಮನ್ನು ಇಳಿಸಿದ ವಿಮಾನ ಅದೇ ಹೊತ್ತಿಗೆ ವಾಪಸು ಏರುತ್ತಿದ್ದುದರಿಂದ ಮಾತು ಪೂರ್ತಿ ಕೇಳಲಿಲ್ಲ, ಭಾವ ಮಾತ್ರ ತಿಳಿಯಿತು. ಅದು ಓಡಿದ 3,200 ಮೀಟರ್ ರನ್‌ವೇ ಸುತ್ತಮುತ್ತ ಒಂದು ಕಾಲಕ್ಕೆ ನಮ್ಮವರು ಉಳುತ್ತಿದ್ದ ನೆಲವಿತ್ತು. ಹಳ್ಳಿ ನೋಡಲು ಬಂದವರು ಹಳ್ಳಿಯ ಮೇಲೇ ಇಳಿದಿರಿ. ಇದಕ್ಕಿಂತ ಹತ್ತಿರ ಇನ್ಯಾರು ಬಂದಾರು?

ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿಟ್ಟಿದ್ದಕ್ಕೆ ತಾವು ಬಹಳ ಹೆಮ್ಮೆಪಟ್ಟಿರಿ. ನಮಗೂ ಹೆಮ್ಮೆಯೇ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಜನ ಗುಡ್ಡ ಹತ್ತಿ, ಹಳ್ಳ ದಾಟಿ, ಜಿಗಣೆ ಕಿತ್ತೊಗೆದು ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುತ್ತಲೇ ಇರುತ್ತಾರೆ. ತಾವು ಒಂದು ಗಂಟೆಯ ಹಾರಾಟದಲ್ಲಿ ಅವರ ಮಲೆನಾಡನ್ನು ಮುಟ್ಟಿ, “ಇಲ್ಲಿ ಏನೂ ಬದಲಾಗಬಾರದು” ಎಂದು ಅಪ್ಪಣೆ ಕೊಡಿಸಿದಿರಿ. ಬದಲಾವಣೆಯ ಬೆನ್ನೇರಿ ಬಂದು ಬದಲಾಗಬೇಡಿ ಎನ್ನುವ ದೊಡ್ಡ ಮನಸ್ಸು ತಮ್ಮದು.

ಅಂದಹಾಗೆ, ಸೋಗಾನೆಗೆ ಬರುವ ಅತಿಥಿಗಳು ಎರಡು ಬಗೆ. ಟಿಕೆಟ್ ತೆಗೆದು ಬರುವ ತಾವು ಒಂದು ಬಗೆ. ನ್ಯಾಯಾಲಯದ ಆದೇಶ ಹಿಡಿದು ಇಲ್ಲಿನ ಕೇಂದ್ರ ಕಾರಾಗೃಹಕ್ಕೆ ಬರುವವರು ಇನ್ನೊಂದು. ನಮ್ಮೂರ ಗಾಳಿಯನ್ನು ವರ್ಷಗಟ್ಟಲೆ ಸವಿಯುವವರು ಅವರೇ. ಅವರು ಹೊಗಳಿದ್ದನ್ನು ಮಾತ್ರ ನಾನು ಕೇಳಿಲ್ಲ.

ತಮ್ಮ ಊಟದ ಅಭಿರುಚಿಗೆ ನಮ್ಮ ಮನೆಯವಳು ಪ್ರತ್ಯೇಕ ನಮಸ್ಕಾರ ತಿಳಿಸಿದ್ದಾಳೆ. “ಕಟ್ಟಿಗೆ ಒಲೆಯ ರುಚಿ ಗ್ಯಾಸಿಗೆ ಬರುವುದಿಲ್ಲ ಅತ್ತಿಗೆ” ಎಂದಿರಿ. ಹೊಗೆ ಕುಡಿದು ಕೆಮ್ಮಿ, ಅಂತೂ ಸಿಲಿಂಡರ್ ಬಂತೆಂದು ಉಸಿರಾಡಿದ್ದವಳು ತಮಗಾಗಿ ಮತ್ತೆ ಒದ್ದೆ ಸೌದೆ ಊದಿದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ತಾವು ಅಕ್ಕರೆ ಎಂದುಕೊಂಡಿರಿ. ಹೋಗಲಿ ಬಿಡಿ. ಬಂದ ದಿನವೇ ಮಧ್ಯಾಹ್ನಕ್ಕೆ ಕಳಲೆ ಪಲ್ಯ ಬೇಕೆಂದಿರಿ. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಹಾಕಬೇಕು. ಇಲ್ಲದಿದ್ದರೆ ಕಹಿ ಹೋಗುವುದಿಲ್ಲ, ಹೊಟ್ಟೆಗೂ ಒಳ್ಳೆಯದಲ್ಲ. ತಮ್ಮ ವಾಸವೋ ಎರಡೇ ದಿನದ್ದು.

“ಹಳ್ಳಿಯಲ್ಲಿ ಎಲ್ಲರೂ ಒಂದೇ ಮನೆಯವರ ಹಾಗೆ” ಎಂದಿರಿ. ನೂರಕ್ಕೆ ನೂರು ಸತ್ಯ. ಒಂದೇ ಮನೆಯವರಾದ್ದರಿಂದಲೇ ಬದು ಒತ್ತಿದ ವ್ಯಾಜ್ಯ ಮುಗಿಯುತ್ತಲೇ ಇಲ್ಲ. ಆ ಒಂದೇ ಮನೆಯ ಜಗಲಿಯ ಮೇಲೆ ಕೂರುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಎಂಬುದನ್ನು ಗಮನಿಸುವಷ್ಟು ಸಣ್ಣತನ ತಮಗಿಲ್ಲ. ನಾಟಿಗೆ ಮುಯ್ಯಾಳು ಕೂಡುತ್ತಿದ್ದ ಕಾಲವನ್ನು ನೆನೆದು ತಮ್ಮ ಗಂಟಲು ಕಟ್ಟಿತು. ಈಗ ಆಳುಗಳು ಗುತ್ತಿಗೆಗೆ, ಗೂಡ್ಸ್ ಆಟೋದಲ್ಲಿ ಬರುತ್ತಾರೆ. ಮುಯ್ಯಿ ತೀರಿಸಬೇಕಿದ್ದ ಹುಡುಗರೆಲ್ಲ ಬೆಂಗಳೂರಿನಲ್ಲಿ ತಮ್ಮ ಅಕ್ಕಪಕ್ಕದ ಪೀಜಿಗಳಲ್ಲೇ ಇದ್ದಾರೆ. ಸಿಕ್ಕರೆ ಹಳ್ಳಿಯೇ ಚೆಂದವೆಂದು ಅವರಿಗೂ ತಿಳಿಹೇಳಿ.

ನನ್ನ ಮಗ ಅಡಿಕೆ ತೋಟದ ಎಲೆಚುಕ್ಕಿ ರೋಗದ ಮಾತು ತೆಗೆದಾಗ ತಾವು ಕೊಂಬೆಯ ಮೇಲಿನ ಮಂಗನ ಫೋಟೊ ತೆಗೆಯುತ್ತಿದ್ದಿರಿ. ಅಡ್ಡಿಪಡಿಸಿದ್ದಕ್ಕೆ ಅವನ ಪರವಾಗಿ ಕ್ಷಮೆ ಕೇಳುತ್ತೇನೆ. ಸಂಜೆ ಕಾಫಿಗೆ ಕೂತಾಗ, ಬೆಳಗ್ಗೆಯಿಂದ ನೆಲವನ್ನು ತಾಯಿ ಎನ್ನುತ್ತಿದ್ದ ತಾವು ದನಿ ತಗ್ಗಿಸಿ, “ಏರ್‌ಪೋರ್ಟ್ ಹತ್ತಿರ ಚದರಡಿಗೆ ಎಷ್ಟು ನಡೀತಿದೆ?” ಎಂದು ಕೇಳಿದಿರಿ. ತಾಯಿಯ ಯೋಗಕ್ಷೇಮವನ್ನು ಇಷ್ಟು ಕರಾರುವಾಕ್ಕಾಗಿ ವಿಚಾರಿಸುವ ಮಕ್ಕಳು ಅಪರೂಪ.

ತಾಯಿ ಎಂದಾಗ ನೆನಪಾಯಿತು. ಆಶ್ವೀಜದಲ್ಲಿ ನಮ್ಮ ಕಡೆ ಭೂಮಿ ಹುಣ್ಣಿಮೆ. ಪೈರು ತೆನೆಗಟ್ಟುವ ಹೊತ್ತಿನ ನೆಲವನ್ನು ಬಸುರಿಯೆಂದು ಭಾವಿಸಿ, ಗದ್ದೆಗೆ ಹೋಗಿ ಪೂಜೆ ಮಾಡಿ ಬಯಕೆಯ ಊಟ ಬಡಿಸುವ ಹಬ್ಬ. ಒಂದು ಎಡೆಯನ್ನು ಮಣ್ಣಿನಲ್ಲೇ ಹುಗಿದು ಬರುತ್ತೇವೆ. ಹಬ್ಬದ ವಿಡಿಯೊ ಕಳಿಸಲು ತಾವು ಹೇಳಿದ್ದಿರಿ. ಬೇಲಿಯಾಚೆ ಹೋದ ನೆಲಕ್ಕೆ ಎಡೆ ಒಯ್ಯಲು ಬರುವುದಿಲ್ಲ. ಡಾಂಬರಿಗೆ ಬಯಕೆಯೂ ಇರುವುದಿಲ್ಲ. ಉಳಿದ ಗದ್ದೆಯಲ್ಲಿ ಮಾಡಿದ್ದನ್ನು ಕಳಿಸಿದೆ. “ವಾವ್” ಎಂದು ಉತ್ತರಿಸಿದಿರಿ. ಭೂಮಿತಾಯಿಗೆ ತಲುಪಿಸಿದ್ದೇನೆ.

ಕೊನೆಯದಾಗಿ ಒಂದು ದೀನ ವಿನಂತಿ. ಬರಬೇಡಿ ಎಂದು ಯಾರೂ ಹೇಳುತ್ತಿಲ್ಲ. ನೆಂಟರು ಬಂದರೆ ಮಾತ್ರ ಗಲಗಲ ಎನ್ನುವ ಮನೆ ನಮ್ಮದು. ಆದರೆ ಮುಂದಿನ ಮಳೆಗಾಲದಲ್ಲಿ ಹಿಂತಿರುಗುವ ಟಿಕೆಟನ್ನು ನಾಲ್ಕು ದಿನ ಮುಂದೆ ಹಾಕಿಕೊಂಡು ಬನ್ನಿ. ಕಳಲೆ ಹೆಚ್ಚಿ ಇಡುತ್ತೇವೆ. ಮೂರೂ ದಿನ ಅದರ ನೀರು ಬದಲಿಸುವ ಕೆಲಸ ತಮ್ಮದು. ನಾಲ್ಕನೆಯ ದಿನ ಪಲ್ಯ ಬಡಿಸುತ್ತೇವೆ, ಗ್ಯಾಸ್ ಒಲೆಯದ್ದು.

ಇಂತಿ ತಮ್ಮ ವಿಧೇಯ,
ಸೋಗಾನೆಯ ಒಬ್ಬ ಪುಣ್ಯವಂತ