ಈ ಮರಿ ಎಷ್ಟು ಎತ್ತರ ಬಂದೀತು ಸ್ವಾಮಿ?

ಜರ್ಮನಿಯ ಹ್ಯಾನೋವರ್ ಸೀಮೆಯಲ್ಲಿ ಆರು ತಿಂಗಳ ಕುದುರೆಮರಿಯೊಂದನ್ನು ಮಾರಾಟಕ್ಕೆ ನಿಲ್ಲಿಸಿ ನೋಡಿ. ಬಂದವರಲ್ಲಿ ಒಬ್ಬರು ಜೇಬಿನಿಂದ ದಾರ ತೆಗೆಯುತ್ತಾರೆ. ಇನ್ನೊಬ್ಬರು ಟೇಪು ಬಿಚ್ಚುತ್ತಾರೆ. ಮೂರನೆಯವರು ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, "ಇದರ ತಾಯಿ ಎಲ್ಲಿ?" ಅನ್ನುತ್ತಾರೆ. ಮೂವರಿಗೂ ಬೇಕಾದ ಉತ್ತರ ಒಂದೇ: ದೊಡ್ಡದಾದಾಗ ಇದು ಎಷ್ಟು ಎತ್ತರ? ಮರಿಯನ್ನೇ ಕೇಳಿದರೆ ಅದು ನಿಮ್ಮ ಅಂಗಿಯ ಗುಂಡಿ ಕಚ್ಚುತ್ತದೆ. ಅಲ್ಲಿ ಸಿಗುವ ಉತ್ತರಗಳಲ್ಲೆಲ್ಲ ಪ್ರಾಮಾಣಿಕವಾದದ್ದು ಅದೇ ಇರಬೇಕು.

ಇವು ವಾರ್ಮ್‌ಬ್ಲಡ್ ಕುದುರೆಗಳು. ಹ್ಯಾನೋವೇರಿಯನ್, ಹೋಲ್‌ಸ್ಟೈನರ್, ಓಲ್ಡನ್‌ಬರ್ಗ್, ಟ್ರಾಕೇನರ್, ಡಚ್ ವಾರ್ಮ್‌ಬ್ಲಡ್ ಎಂದು ಊರಿಗೊಂದು ಹೆಸರು. ಒಂದು ಕಾಲಕ್ಕೆ ಸೈನ್ಯಕ್ಕೂ ಸಾರೋಟಿಗೂ ಹೊಲಕ್ಕೂ ಒದಗಿದವುಗಳ ವಂಶ. ಇಂಗ್ಲೆಂಡಿಗೂ ದೊರೆಯಾಗಿದ್ದ ಎರಡನೇ ಜಾರ್ಜ್ 1735ರಲ್ಲಿ ಸೆಲ್ಲೆ ಎಂಬಲ್ಲಿ ಇವುಗಳಿಗಾಗಿ ತೆರೆದ ಸರಕಾರಿ ಲಾಯ ಇವತ್ತಿಗೂ ನಡೆಯುತ್ತಿದೆ. ಈಗ ಇವುಗಳ ಕೆಲಸ ಬೇಲಿ ಹಾರುವುದು ಮತ್ತು ಡ್ರೆಸ್ಸಾಜ್ ಎಂಬ ಕುಣಿತ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದು, 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರಲ್ಲ, ಅವರು ಪಳಗಿದ್ದೂ ಜರ್ಮನಿಯಲ್ಲೇ.

ನಮ್ಮ ಕುಣಿಗಲ್ಲಿನ ಕುದುರೆ ಫಾರಂನವರಿಗೆ ಈ ಎತ್ತರದ ತಲೆನೋವು ಅಷ್ಟಾಗಿ ಇಲ್ಲ. ಅಲ್ಲಿಯವು ರೇಸಿನ ಥರೋಬ್ರೆಡ್. ಎರಡು ವರ್ಷಕ್ಕೇ ಓಟಕ್ಕಿಳಿಯುತ್ತವೆ, ಗೆದ್ದರೆ ಎತ್ತರ ಯಾರಿಗೆ ಬೇಕು? ವಾರ್ಮ್‌ಬ್ಲಡ್ ಹಾಗಲ್ಲ. ಮೂರು ವರ್ಷದವರೆಗೆ ಬೆನ್ನ ಮೇಲೆ ಜೀನೂ ಬೀಳುವುದಿಲ್ಲ. ಆ ಮೂರು ವರ್ಷ ಮಾಲೀಕರು ಕೈಕಟ್ಟಿ ಕೂರಬೇಕು. ಕೂರುವವರು ಸುಮ್ಮನೆ ಕೂರುತ್ತಾರೆಯೇ? ಅಳೆಯುತ್ತಾರೆ.

ಅಳೆಯುವುದು ತಲೆಯವರೆಗಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ದಿಬ್ಬ ಇರುತ್ತದೆ, ವಿದರ್ಸ್ ಅನ್ನುತ್ತಾರೆ, ನೆಲದಿಂದ ಅಲ್ಲಿಯವರೆಗೆ. ಜರ್ಮನರು ಸೆಂಟಿಮೀಟರಿನಲ್ಲಿ ಹೇಳುತ್ತಾರೆ, ಇಂಗ್ಲಿಷರು 'ಹ್ಯಾಂಡ್' ಲೆಕ್ಕದಲ್ಲಿ. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. 16.2 ಎಂದರೆ ಹದಿನಾರು ಹ್ಯಾಂಡು ಎರಡು ಇಂಚು. 16.3 ಆದಮೇಲೆ 16.4 ಬರುವುದಿಲ್ಲ, ಸೀದಾ 17. ಕ್ರಿಕೆಟ್ಟಿನಲ್ಲಿ 16.5 ಓವರ್ ಆದಮೇಲೆ 17 ಬರುವ ಹಾಗೆ. ಇಲ್ಲಿ ಓವರಿಗೆ ನಾಲ್ಕೇ ಬಾಲು. ಇದು ಗೊತ್ತಿಲ್ಲದವರು 16.8 ಹ್ಯಾಂಡಿನ ಕುದುರೆಯನ್ನೂ ಮಾರಿಬಿಡುತ್ತಾರೆ.

ಇನ್ನು ಅಳತೆಗೋಲು ಬೇರೆ, ಟೇಪು ಬೇರೆ. ಕೋಲು ನೆಟ್ಟಗೆ ನಿಲ್ಲುತ್ತದೆ. ಟೇಪು ಭುಜದ ಉಬ್ಬನ್ನೆಲ್ಲ ತಬ್ಬಿಕೊಂಡು ಮೇಲೇರುವುದರಿಂದ ಕುದುರೆ ನಿಂತಲ್ಲೇ ಕೆಲವು ಸೆಂಟಿಮೀಟರ್ ಬೆಳೆದಿರುತ್ತದೆ. ಮಾರುವವನ ಕೈಯಲ್ಲಿ ಯಾವುದಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಸರಿ, ಭವಿಷ್ಯ ಹೇಳುವ ವಿಧಾನಗಳಿಗೆ ಬರೋಣ. ಮೊದಲನೆಯದು ಶೇಕಡಾ ಲೆಕ್ಕ. ಮರಿ ಹುಟ್ಟುವಾಗಲೇ ಪೂರ್ತಿ ಎತ್ತರದ ಅರವತ್ತು ಭಾಗಕ್ಕೂ ಮೀರಿ ನಿಂತಿರುತ್ತದೆ. ಆರು ತಿಂಗಳಿಗೆ ಎಂಬತ್ತು ದಾಟುತ್ತದೆ, ವರ್ಷ ತುಂಬುವಾಗ ಸುಮಾರು ತೊಂಬತ್ತು. ಎಷ್ಟು ಸುಲಭ! ವರ್ಷದ ಮರಿ 150 ಸೆಂಟಿಮೀಟರ್ ಇದ್ದರೆ 0.90ರಿಂದ ಭಾಗಿಸಿ: 166 ಚಿಲ್ಲರೆ. ಆದರೆ ಆ 'ಸುಮಾರು' ಎಂಬ ಪದದ ಒಳಗೇ ಇಡೀ ವ್ಯಾಪಾರ ಕೂತಿದೆ. ನಿಮ್ಮ ಮರಿ ತೊಂಬತ್ತಲ್ಲ, ತೊಂಬತ್ತೆರಡಕ್ಕೆ ಬಂದಿದ್ದರೆ ಉತ್ತರ 163. ಎಂಬತ್ತೆಂಟರಲ್ಲಿದ್ದರೆ 170. ಅಂದರೆ ಹದಿನಾರು ಹ್ಯಾಂಡಿನಿಂದ 16.3ರವರೆಗೆ. ಕೊಳ್ಳುವವನು ಒಂದು ತುದಿ ಹಿಡಿದು ಚೌಕಾಶಿ ಮಾಡುತ್ತಾನೆ, ಮಾರುವವನು ಇನ್ನೊಂದು ತುದಿ. ಇಬ್ಬರ ಗಣಿತವೂ ಸರಿಯೇ.

ದಾರದವರ ಲೆಕ್ಕ ಇನ್ನೂ ಸೊಗಸು. ಮುಂಗಾಲಿನ ಮೊಣಕೈ ತುದಿಯಿಂದ ಗೊರಸಿನ ಮೇಲಿನ ಗಿಣ್ಣಿನವರೆಗೆ ದಾರ ಹಿಡಿಯಿರಿ. ಮೊಣಕೈ ಹತ್ತಿರದ ತುದಿ ಬಿಡದೆ ಇನ್ನೊಂದನ್ನು ಮೇಲಕ್ಕೆ ತಿರುಗಿಸಿ. ವಿದರ್ಸ್ ದಾಟಿ ಎಷ್ಟು ಮಿಕ್ಕಿತೋ ಅಷ್ಟು ಬೆಳೆಯುವುದು ಬಾಕಿ. ಇನ್ನೊಂದು ಪಂಥ ಮುಂಗಾಲಿನ ಮಂಡಿಯ ನಡುವಿನಿಂದ ಗೊರಸಿನ ಕೂದಲಂಚಿನವರೆಗೆ ಇಂಚಿನಲ್ಲಿ ಅಳೆದು, ಹದಿನಾರು ಇಂಚು ಬಂದರೆ ಹದಿನಾರು ಹ್ಯಾಂಡು ಎಂದು ತೀರ್ಪು ಕೊಡುತ್ತದೆ. ನಗಬೇಡಿ, ಇದರಲ್ಲಿ ಸ್ವಲ್ಪ ಸತ್ಯವಿದೆ. ಕುದುರೆಯ ಮೂಳೆಗಳ ಬೆಳವಣಿಗೆ ಕೆಳಗಿನಿಂದ ಮೇಲಕ್ಕೆ ಮುಗಿಯುತ್ತ ಬರುತ್ತದೆ. ಮಂಡಿಯ ಕೆಳಗಿನ ಮೂಳೆ ವರ್ಷ ತುಂಬುವ ಹೊತ್ತಿಗೆ ಉದ್ದವಾಗುವುದನ್ನು ಹೆಚ್ಚುಕಡಿಮೆ ನಿಲ್ಲಿಸಿರುತ್ತದೆ. ಮಂಡಿಯ ಮೇಲಿನದಕ್ಕೆ ಎರಡು, ಎರಡೂವರೆ ವರ್ಷ. ಬೆನ್ನುಮೂಳೆಗಳಿಗೆ ಐದಾರು. ಹಾಗಾಗಿ ದಾರದವರು ಮಾಡುವುದು ಮುಗಿದ ಕಾಲನ್ನು ನೋಡಿ ಮುಗಿಯದ ಮೈಯನ್ನು ಊಹಿಸುವ ಕೆಲಸ. ವಿದರ್ಸಿನ ದಿಬ್ಬ ಎದ್ದಿರುವುದೇ ಬೆನ್ನುಮೂಳೆಗಳ ಮೇಲ್ಗಡೆಯ ಮುಳ್ಳುಗಳಿಂದ. ನಾವು ಅಳೆಯುವ ಜಾಗವೇ ಎಲ್ಲಕ್ಕಿಂತ ಕೊನೆಗೆ ಬಲಿಯುವ ಜಾಗ! ಮೊಣಕೈ ತುದಿ ಎಲ್ಲಿದೆ ಎಂಬ ಬಗ್ಗೆ ಇಬ್ಬರು ಅನುಭವಿಗಳು ಒಪ್ಪುವುದಿಲ್ಲ ಎಂಬುದು ಬೇರೆ ಮಾತು, ಅಷ್ಟರಲ್ಲಿ ಮರಿ ದಾರ ತಿನ್ನುತ್ತಿರುತ್ತದೆ.

ಬೆಳೆಯುವ ರೀತಿಯೂ ಒಂದು ತಮಾಷೆ. ಮೊದಲು ಹಿಂಭಾಗ ಎದ್ದು ನಿಲ್ಲುತ್ತದೆ, ಮುಂಭಾಗ ತಗ್ಗಿನಲ್ಲಿ. ಕೆಲವು ವಾರ ಕಳೆದರೆ ಮುಂಭಾಗ ಸಮ ಮಾಡಿಕೊಳ್ಳುತ್ತದೆ, ಮತ್ತೆ ಹಿಂಭಾಗ. ಒಂದೂವರೆ ವರ್ಷದ ವಾರ್ಮ್‌ಬ್ಲಡ್ಡನ್ನು ನೋಡಿದರೆ ಎರಡು ಬೇರೆ ಕುದುರೆಗಳನ್ನು ನಡುವೆ ಹೊಲಿದ ಹಾಗೆ ಕಾಣುತ್ತದೆ. ಇದಕ್ಕೇ ಅಲ್ಲಿನ ಹಳೆಯ ಕುದುರೆಯವರು ಮರಿಯನ್ನು ಮೂರು ದಿನಕ್ಕೆ, ಮೂರು ವಾರಕ್ಕೆ, ಮೂರು ತಿಂಗಳಿಗೆ ನೋಡು, ಆಮೇಲೆ ಮೂರು ವರ್ಷದವರೆಗೆ ಆ ಕಡೆ ಹೋಗಲೇಬೇಡ ಅನ್ನುತ್ತಾರೆ. ಈ ಬುದ್ಧಿಮಾತನ್ನು ಹೇಳಿದವರೇ ಮರುದಿನ ಬೆಳಿಗ್ಗೆ ಕೋಲು ಹಿಡಿದು ಲಾಯಕ್ಕೆ ಹೋಗುತ್ತಾರೆ.

ತಾಯಿಯನ್ನು ಹುಡುಕುತ್ತಿದ್ದ ಮೂರನೆಯವರನ್ನು ಮರೆತೆವು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ನಮ್ಮ ಗಾದೆಗೆ ಕೇಂಬ್ರಿಡ್ಜಿನ ವಾಲ್ಟನ್ ಮತ್ತು ಹ್ಯಾಮಂಡ್ 1938ರಲ್ಲಿ ಪುರಾವೆಯನ್ನೇ ಒದಗಿಸಿದರು. ದೈತ್ಯ ಶೈರ್ ಕುದುರೆಗೂ ಕುಳ್ಳ ಶೆಟ್‌ಲ್ಯಾಂಡ್ ಪೋನಿಗೂ ಕೃತಕ ಗರ್ಭಧಾರಣೆಯಿಂದ ಸಂಬಂಧ ಬೆಳೆಸಿದರು. ಶೈರ್ ತಾಯಿಗೆ ಹುಟ್ಟಿದ ಮಿಶ್ರ ಮರಿ, ಶೆಟ್‌ಲ್ಯಾಂಡ್ ತಾಯಿಗೆ ಹುಟ್ಟಿದ ಮಿಶ್ರ ಮರಿಗಿಂತ ಹುಟ್ಟುವಾಗ ಸುಮಾರು ಮೂರು ಪಟ್ಟು ತೂಗಿತು. ರಕ್ತ ಎರಡರಲ್ಲೂ ಅದೇ ಅರ್ಧರ್ಧ, ಹೊಟ್ಟೆಯ ಜಾಗ ಮಾತ್ರ ಬೇರೆ. ಚೊಚ್ಚಲ ಮರಿಗಳು ಸಣ್ಣವಾಗಿರುವುದಕ್ಕೂ ಅದೇ ಕಾರಣ. ಈಗಂತೂ ಒಳ್ಳೆಯ ಹೆಣ್ಣುಕುದುರೆ ಸ್ಪರ್ಧೆಗೆ ಹೋಗಿರುತ್ತದೆ, ಅದರ ಭ್ರೂಣವನ್ನು ಬಾಡಿಗೆ ತಾಯಿ ಹೊತ್ತಿರುತ್ತದೆ. ನೀವು ಮರಿಯ ಪಕ್ಕದಲ್ಲಿ ಮೇಯುತ್ತಿರುವ ತಾಯಿಯ ಎತ್ತರ ನೋಡಿ ತಲೆದೂಗಿದರೆ, ಮಾರುವವನು ಪಾಪ, ಸುಮ್ಮನಿರುತ್ತಾನೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರಿಗೆ ಹೊಳೆಯುವ ಉಪಾಯ ಒಂದೇ: ಚೆನ್ನಾಗಿ ತಿನ್ನಿಸೋಣ. ಇಲ್ಲಿ ಮಾತ್ರ ತಮಾಷೆ ಬಿಟ್ಟು ಹೇಳುತ್ತೇನೆ. ಹೊಟ್ಟೆಗಿಲ್ಲದ ಮರಿ ಗಿಡ್ಡವಾದೀತು, ನಿಜ. ಆದರೆ ಧಾನ್ಯ ಸುರಿದರೆ ವಂಶದಲ್ಲಿಲ್ಲದ ಎತ್ತರ ಬರುವುದಿಲ್ಲ, ಬರಬೇಕಾದದ್ದು ಅವಸರದಲ್ಲಿ ಬರುತ್ತದೆ ಅಷ್ಟೆ. ಆ ಅವಸರವೇ ಕೀಲಿನ ಮೃದ್ವಸ್ಥಿ ಸರಿಯಾಗಿ ಗಟ್ಟಿಯಾಗದೆ ಚೂರು ಬಿಡುವ ಆಸ್ಟಿಯೋಕಾಂಡ್ರೋಸಿಸ್ ಎಂಬ ರೋಗಕ್ಕೆ ದಾರಿಯಾಗುತ್ತದೆ. ವಾರ್ಮ್‌ಬ್ಲಡ್ಡುಗಳಲ್ಲಿ ಇದು ಮೊದಲೇ ಸಾಮಾನ್ಯ. ಎರಡು ಇಂಚಿನ ಆಸೆಗೆ ನಾಲ್ಕು ಕಾಲು ಅಡವಿಡುವುದು ಮೂರ್ಖತನ.

ಇಷ್ಟಕ್ಕೂ ಎತ್ತರ ಯಾಕೆ ಬೇಕು? ಪೋನಿ ಸಾಕುವವರನ್ನು ನೋಡಿ, ಅವರ ಪ್ರಾರ್ಥನೆ ತದ್ವಿರುದ್ಧ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪೋನಿ ಲಾಳವಿಲ್ಲದೆ 148 ಸೆಂಟಿಮೀಟರ್ ಮೀರುವಂತಿಲ್ಲ. ಅಲ್ಲಿ ಗೊರಸು ಸವರುತ್ತಾರೆ, ಕೂದಲು ಬೋಳಿಸುತ್ತಾರೆ, ತಲೆ ತಗ್ಗಿಸು ಕಂದಾ ಎಂದು ಪುಸಲಾಯಿಸುತ್ತಾರೆ. ಅದೇ ಕೋಲು ವಾರ್ಮ್‌ಬ್ಲಡ್ಡಿನ ಲಾಯಕ್ಕೆ ಬಂದರೆ ಎಲ್ಲರೂ ಎದೆ ಎತ್ತಿ ನಿಲ್ಲಿಸುವವರೇ. ಬೇಲಿಗೆ ಮಾತ್ರ ಈ ಭೇದವಿಲ್ಲ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಸ್ಟ್ರೋಲರ್ ಒಂದು ಪೋನಿ. 1988ರ ಸೋಲ್‌ನಲ್ಲಿ ಚಿನ್ನ ಗೆದ್ದ ಫ್ರಾನ್ಸಿನ ಜಾಪೆಲೂ 158 ಸೆಂಟಿಮೀಟರ್. ಅದೇ ವರ್ಷ ಮತ್ತು ಮರುವರ್ಷ ಸತತವಾಗಿ ವಿಶ್ವಕಪ್ ಗೆದ್ದ ಕೆನಡಾದ ಬಿಗ್ ಬೆನ್, ಬೆಲ್ಜಿಯಂನಲ್ಲಿ ಹುಟ್ಟಿದ ವಾರ್ಮ್‌ಬ್ಲಡ್, 17.3 ಹ್ಯಾಂಡು. ಎತ್ತರದ ಪಕ್ಷದವರು ಬಿಗ್ ಬೆನ್ ಹೆಸರನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಅವರ ಆಸೆ ಒಮ್ಮೊಮ್ಮೆ ಕೈಗೂಡುವುದೂ ಉಂಟು. ಮರಿ ಲೆಕ್ಕವನ್ನೆಲ್ಲ ಮೀರಿ ಹದಿನೇಳೂವರೆ ಹ್ಯಾಂಡಿಗೆ ಹೋಗಿ ನಿಲ್ಲುತ್ತದೆ. ಆಗ ಹೊಸ ಟ್ರೇಲರ್ ಬೇಕು, ಹೊಸ ಕಂಬಳಿ ಬೇಕು, ಹತ್ತಲು ಮೂರು ಮೆಟ್ಟಿಲಿನ ಸ್ಟೂಲು ಬೇಕು. ಸ್ವಲ್ಪ ದಿನದಲ್ಲೇ ಜಾಹೀರಾತು ಬರುತ್ತದೆ: ಒಳ್ಳೆಯ ಸ್ವಭಾವ, ಮಾಲೀಕರಿಗೆ ತುಸು ದೊಡ್ಡದಾದ ಕಾರಣ ಮಾರಾಟಕ್ಕಿದೆ. ನೋಡಲು ಬಂದವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಲ್ಲು ಬಿಡಿಸಿ ನೋಡಿ, ನಾಲ್ಕೇ ವರ್ಷ ಎಂದು ಖಾತರಿ ಮಾಡಿಕೊಂಡು, "ಇನ್ನೂ ಒಂದೆರಡು ಇಂಚು ಬಂದೀತಲ್ಲವೇ?" ಎಂದು ಆಸೆಯಿಂದ ಕೇಳುತ್ತಾರೆ.