ನಿನ್ನೆ ಏನಾಯ್ತು?

ಹಲಸೂರು ಬಿಟ್ಟು ಕೆ.ಆರ್.ಪುರದ ನಮ್ಮ ಫ್ಲಾಟಿಗೆ ಬಂದ ಮೇಲೆ ಅಮ್ಮ ಕಳೆದುಕೊಂಡದ್ದು ಸೋಮೇಶ್ವರನ ಗುಡಿಯನ್ನಲ್ಲ, ಬಜಾರ್ ಬೀದಿಯ ಹೂವಿನವಳನ್ನೂ ಅಲ್ಲ, ಎದುರುಮನೆ ಅಕ್ಕನನ್ನು. ರಾತ್ರಿ ಧಾರಾವಾಹಿ ತಪ್ಪಿತೆಂದರೆ ಮಾರನೇ ಬೆಳಿಗ್ಗೆ ಕಾವೇರಿ ನೀರು ಬರುವ ಹೊತ್ತಿಗೆ, ನಾಲ್ಕು ಬಿಂದಿಗೆ ತುಂಬುವಷ್ಟರಲ್ಲಿ, ಅಕ್ಕ ಇಡೀ ಕಂತನ್ನು ಒಪ್ಪಿಸಿಬಿಡುತ್ತಿದ್ದರು. ಅವರ ಮನೆಮಾತು ತಮಿಳು, ಧಾರಾವಾಹಿ ಕನ್ನಡ, ಹೇಳುತ್ತಿದ್ದದ್ದು ಎರಡೂ ಬೆರೆತ ಹಲಸೂರು ಭಾಷೆಯಲ್ಲಿ. ಅತ್ತೆ ಹುಬ್ಬು ಹಾರಿಸಿದ್ದು, ಸೊಸೆ ಸೆರಗಲ್ಲಿ ಕಣ್ಣೊರೆಸಿಕೊಂಡದ್ದು ಎಲ್ಲ ಅಭಿನಯ ಸಮೇತ. ಜಾಹೀರಾತಿಲ್ಲ. ಒಂದೇ ಮುಖವನ್ನು ಮೂರು ಕಡೆಯಿಂದ ತೋರಿಸಿ ಮೂರು ಸಲ ಗುಡುಗಿಸುವ ದೃಶ್ಯಕ್ಕೆ ಅವರು ಕೊಡುತ್ತಿದ್ದದ್ದು ಒಂದೇ ಶಬ್ದ: "ಶಾಕು!"

ಒಂದು ದೋಷವಿತ್ತು. ಸ್ವಂತ ಸೊಸೆಯ ಮೇಲೆ ಸಿಟ್ಟು ಬಂದಿದ್ದ ದಿನ ಧಾರಾವಾಹಿಯ ಸೊಸೆಯೂ ಒಂದು ತೂಕ ಹೆಚ್ಚೇ ಕೆಟ್ಟವಳಾಗುತ್ತಿದ್ದಳು. ಅಮ್ಮನಿಗೆ ಇದು ಗೊತ್ತಿತ್ತು. ಒಂದೇ ಕಥೆಯಿಂದ ಎರಡು ಮನೆಯ ಸಮಾಚಾರ ತಿಳಿದು ಒಳಗೆ ಬರುತ್ತಿದ್ದಳು.

ಫ್ಲಾಟಿನಲ್ಲಿ ನೀರು ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ. ಹಾಗಾಗಿ ನಲ್ಲಿಯ ಹತ್ತಿರ ಯಾರೂ ನಿಲ್ಲುವುದಿಲ್ಲ. ಅಮ್ಮನ ಮುಖ ನೋಡಲಾರದೆ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟೆ. "ಇನ್ಮೇಲೆ ತಪ್ಪೋದು ಅನ್ನೋ ಮಾತೇ ಇಲ್ಲ. ಯಾವಾಗ ಬೇಕಾದ್ರೂ ನೋಡ್ಕೋ." ಯಾವ ಆ್ಯಪ್ ಎಂದು ಹೇಳುವುದಿಲ್ಲ, ಇನ್ನೂ ಏಳು ತಿಂಗಳ ಚಂದಾ ಬಾಕಿ ಇದೆ.

ಯಾವಾಗ ಬೇಕಾದರೂ ಎಂದದ್ದು ನನ್ನ ತಪ್ಪು. ಟೀವಿಯಲ್ಲಿ ತಪ್ಪಿದ್ದನ್ನು ಆಮೇಲೆ ಇಂಟರ್ನೆಟ್ಟಿನಲ್ಲಿ ನೋಡುವ ಈ ಚಾಳಿಗೆ ದೊಡ್ಡ ಮಟ್ಟದಲ್ಲಿ ನಾಂದಿ ಹಾಡಿದವರಲ್ಲಿ ಬಿಬಿಸಿಯವರೂ ಒಬ್ಬರು. 2007ರ ಕ್ರಿಸ್‌ಮಸ್ ದಿನ ಅವರ ಐಪ್ಲೇಯರ್ ಶುರುವಾದಾಗ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಏಳು ದಿನದ ಆಯುಸ್ಸು. 2014ರಲ್ಲಿ ಅದು ಮೂವತ್ತಾಯಿತು. ನಮ್ಮಲ್ಲಿ ಸೂತಕಕ್ಕೇ ಮೊದಲಿನ ಆ ಏಳಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಇನ್ನು ಇಲ್ಲಿ ಹೆಸರುಗಳದೇ ಬೇರೆ ಗೋಳು. ಈಟೀವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಅದರ ಧಾರಾವಾಹಿ ಸಿಗುತ್ತಿದ್ದದ್ದು 2016ರಲ್ಲಿ ಬಂದ ವೂಟ್‌ನಲ್ಲಿ. ವೂಟ್ 2023ರಲ್ಲಿ ಜಿಯೋಸಿನಿಮಾದೊಳಗೆ ಸೇರಿತು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಕೂಡಿ ಜಿಯೋಹಾಟ್‌ಸ್ಟಾರ್ ಆದವು. ಅಮ್ಮ ಇದ್ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಅವಳ ಪಾಲಿಗೆ ಈಗಲೂ ಅದು ಈಟೀವಿಯೇ.

ಒಂದು ಭಾನುವಾರ ಟೀವಿಯಲ್ಲಿ ಹಳೇ ಸಿನಿಮಾ. ಕ್ಲೈಮ್ಯಾಕ್ಸಿಗೆ ಕರೆಂಟ್ ಹೋಯಿತು. ಫೋನಿನಲ್ಲಿ ಹುಡುಕಿದರೆ ಅದೇ ಚಾನೆಲ್ಲಿನ ಆ್ಯಪಿನಲ್ಲಿ ಆ ಸಿನಿಮಾ ಇಲ್ಲ. ಟೀವಿ ಹಕ್ಕು ಒಬ್ಬರಿಗೆ, ಇಂಟರ್ನೆಟ್ ಹಕ್ಕು ಇನ್ನೊಬ್ಬರಿಗೆ ಮಾರಿರುತ್ತಾರೆ ಎಂದು ವಿವರಿಸಿದೆ. "ಛತ್ರದೋರು ಒಬ್ರು, ಅಡುಗೆಯೋರು ಇನ್ನೊಬ್ರು ಅನ್ನು" ಎಂದಳು. ನ್ಯೂಜೆರ್ಸಿಯಲ್ಲಿರುವ ತಂಗಿಗೂ ಇದೇ ಪಾಸ್‌ವರ್ಡ್ ಕೊಟ್ಟಿದ್ದೆವು. ಅವಳಿಗೆ ಸಿಕ್ಕಿದ್ದು "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಎಂಬ ಒಂದು ಸಾಲು. ಅದನ್ನು ಮಾತ್ರ ದಿನದ ಯಾವ ಹೊತ್ತಿನಲ್ಲಾದರೂ ನೋಡಬಹುದು.

ಬೆಳಗಿನ ರಾಶಿಫಲದ ವಿಚಾರದಲ್ಲಂತೂ ಹೊಸದೊಂದು ಶಾಸ್ತ್ರವೇ ಹುಟ್ಟಿದೆ. ಅಮ್ಮ ನಿನ್ನೆಯ ಕಂತನ್ನು ಇವತ್ತು ನೋಡುತ್ತಾಳೆ. "ನೋಡು, ನಿನ್ನೆ ನಿನಗೆ ಪ್ರಯಾಣದಲ್ಲಿ ವಿಘ್ನ ಅಂದಿದ್ರು." ಹಿಂದಿನ ಸಂಜೆ ನಾನು ಟಿನ್ ಫ್ಯಾಕ್ಟರಿ ಹತ್ತಿರ, ಎದುರಿಗೇ ಕೆ.ಆರ್.ಪುರದ ತೂಗುಸೇತುವೆ ಕಾಣುತ್ತಿದ್ದರೂ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದೆ. ಟಿನ್ ಫ್ಯಾಕ್ಟರಿಯಲ್ಲಿ ಆ ಭವಿಷ್ಯ ಯಾವ ರಾಶಿಗೂ ಸುಳ್ಳಾಗದು, ಆ ಮಾತು ಬೇರೆ. ಆದರೆ ಆಗಿಹೋದದ್ದನ್ನು ತಾಳೆ ನೋಡುವ ಸುಖ ಮುಂದಾಗುವುದಕ್ಕೆ ಹೆದರುವುದರಲ್ಲಿ ಎಲ್ಲಿದೆ?

ಹಾಗಾದರೆ ತಪ್ಪಿದ ಕಂತಿಗೆ ಆ್ಯಪ್ ಬಿಟ್ಟು ಬೇರೆ ದಾರಿ? ಮಧ್ಯಾಹ್ನದ ಮರುಪ್ರಸಾರ ಅಮ್ಮನ ನಿದ್ದೆಯ ಹೊತ್ತಿಗೆ ಬರುತ್ತದೆ. ರೆಕಾರ್ಡ್ ಮಾಡುವ ಸೆಟ್ ಟಾಪ್ ಬಾಕ್ಸೂ ತಂದಿದ್ದೆ. ಅದರ ಹೊಟ್ಟೆಯನ್ನು ನನ್ನ ಮಗ ಕ್ರಿಕೆಟ್ಟಿನಿಂದ ತುಂಬಿಸಿಟ್ಟ. ದೂರದರ್ಶನದ ಕಾಲದಲ್ಲಿ ಬಂದಿದ್ದ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿ 'ಮಾಯಾಮೃಗ' ಯೂಟ್ಯೂಬಿನಲ್ಲಿ ಸಿಗುತ್ತದೆ, ನೋಡಿದಳು, ಮುಗಿಯಿತು.

ಒಮ್ಮೆ ಮಾತ್ರ ತಪ್ಪಿದ್ದು ತಾನಾಗಿಯೇ ಮರಳಿ ಬಂತು. 1987ರ ಜನವರಿ 25ರಿಂದ ಮರುವರ್ಷದ ಜುಲೈವರೆಗೆ 'ರಾಮಾಯಣ' ಬಂದ ಕಾಲ. ಕಥೆ ಎಲ್ಲರಿಗೂ ಬಾಯಿಪಾಠ. ತಪ್ಪಿದರೆ ಏನಾಯ್ತು ಅಂತ ಕೇಳುವ ಅಗತ್ಯವೇ ಇಲ್ಲದ ಧಾರಾವಾಹಿ ಅದೊಂದೇ, ಆದರೂ ಜನ ತಪ್ಪಿಸಿಕೊಳ್ಳದಿದ್ದದ್ದೂ ಅದನ್ನೇ. ಲಂಕೆ ಸುಡುವ ಭಾನುವಾರ ನಮ್ಮ ಸಾಲಿಗೆ ಮಾತ್ರ ಕರೆಂಟ್ ಹೋಯಿತು. ಎದುರು ಸಾಲಿನಲ್ಲಿ ಇತ್ತು. ಅಕ್ಕನ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಮ್ಮ ಗೇಟಿನಿಂದಲೇ ವಾಪಸ್ಸಾದಳು. ಸಂಜೆ ಅಕ್ಕ ಬಂದು ಮೊರವನ್ನೇ ಬಾಲ ಮಾಡಿಕೊಂಡು ಲಂಕೆ ಸುಟ್ಟು ತೋರಿಸಿದರು. 2020ರ ಮಾರ್ಚ್ 28ರಿಂದ ಲಾಕ್‌ಡೌನಿನಲ್ಲಿ ಅದೇ 'ರಾಮಾಯಣ' ಮತ್ತೆ ಬಂತಲ್ಲ, ಆಗ ಅಮ್ಮ ಮೂವತ್ತು ವರ್ಷ ದಾಟಿದ ಬಾಕಿ ತೀರಿಸಿಕೊಂಡಳು. ನೋಡಿ ಎದ್ದು ಹೇಳಿದ್ದು: "ಬೆಂಕಿ ಇಷ್ಟೇನಾ? ಅಕ್ಕ ಹೇಳಿದಾಗ ಇನ್ನೂ ದೊಡ್ಡದಿತ್ತು."

2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್.ಪುರಕ್ಕೂ ಮೆಟ್ರೋ ಕೂಡಿದ ಮೇಲೆ ಅಮ್ಮನಿಗೆ ಹಲಸೂರು ಐದನೇ ಸ್ಟೇಷನ್. ಹೋದ ವಾರ ಜೊತೆಗೆ ಹೋಗಿದ್ದೆ. ರೈಲು ಹತ್ತಿದವಳೇ ತಪ್ಪಿದ ಕಂತು ಹಾಕಿಕೊಂಡಳು. ಬೆನ್ನಿಗಾನಹಳ್ಳಿಯವರೆಗೆ ಜಾಹೀರಾತು. ನಾಯಕಿಯನ್ನು ಆಸ್ಪತ್ರೆಗೆ ತಂದಾಗ ಸ್ವಾಮಿ ವಿವೇಕಾನಂದ ರಸ್ತೆ. ಡಾಕ್ಟರು ಕನ್ನಡಕ ತೆಗೆಯುವ ಹೊತ್ತಿಗೆ ಇಂದಿರಾನಗರ. ಅಲ್ಲಿ ಆ ಸಣ್ಣ ಚಕ್ರ ತಿರುಗತೊಡಗಿದ್ದು ಹಲಸೂರಿನಲ್ಲಿ ಇಳಿದರೂ ನಿಲ್ಲಲಿಲ್ಲ.

ಅಕ್ಕ ಬಾಗಿಲಲ್ಲೇ ಕೂತಿದ್ದರು. ಅವರ ಮೊಮ್ಮಗ ದುಡ್ಡು ಕಟ್ಟಿ ಬೇರೆ ಥರದ್ದು ಹಾಕಿಕೊಟ್ಟಿದ್ದಾನಂತೆ. ಈಗ ಅವರು ಟೀವಿಗಿಂತ ಮುಂಚೆಯೇ, ನಾಳೆಯದನ್ನು ಇವತ್ತೇ ನೋಡಿ ಮುಗಿಸುತ್ತಾರೆ. ಅಮ್ಮನನ್ನು ಕಂಡದ್ದೇ ಬಾಯಿ ತೆರೆದರು.

"ಅಕ್ಕಾ, ಹೇಳ್ಬೇಡಿ. ನಾನಿನ್ನೂ ನಿನ್ನೇದೇ ನೋಡಿಲ್ಲ."

"ಸರಿ, ಹೇಳಲ್ಲ" ಎಂದರು ಅಕ್ಕ.

ಅಮ್ಮ ಚಪ್ಪಲಿ ಬಿಟ್ಟಳು. ಕಾಲು ತೊಳೆದಳು. ಚಾಪೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಸತ್ತಳಾ, ಇಲ್ವಾ? ಅಷ್ಟು ಮಾತ್ರ ಹೇಳಿ."

ಅಕ್ಕ ನನ್ನ ಕಡೆ ತಿರುಗಿ, "ನೀನು ಹೋಗಿ ಹಾಲು ತಗೊಂಡು ಬಾ ಕಣ್ಣಾ" ಎಂದು ಕಾಲು ಮಡಚಿ ಕೂತರು.